24 ಪಾಯಿಂಟಿನ ಎಡ್ವರ್ಡಿಯನ್ ಸ್ಕ್ರಿಪ್ಟ್, ಚಿನ್ನದ ಫಾಯಿಲಿನಲ್ಲಿ

ಎಡ್ವರ್ಡಿಯನ್ ಸ್ಕ್ರಿಪ್ಟ್ ಎಂಬ ಇಂಗ್ಲಿಷ್ ಕೂಡುಬರಹದ ಫಾಂಟ್ 36 ಪಾಯಿಂಟಿಗಿಂತ ಕೆಳಗೆ ಫಾಯಿಲಿಗೆ (ಬಿಸಿ ಅಚ್ಚಿನಿಂದ ಕಾರ್ಡಿಗೆ ಒತ್ತುವ ತೆಳು ಹಾಳೆಗೆ) ಬರುವುದೇ ಇಲ್ಲ ಎಂದು ಬ್ಲಾಕ್, ಅಂದರೆ ಲೋಹದ ಅಚ್ಚು, ಮಾಡುವವರೂ ಹೇಳಿದ್ದರು, ಮಷಿನ್ ಓಡಿಸುವವರೂ ಹೇಳಿದ್ದರು. ಈಗ 24ರಲ್ಲೇ, ಮಾಮೂಲಿ ಝಿಂಕ್ ಬ್ಲಾಕಿನಲ್ಲೇ, ಲಗ್ನಪತ್ರಿಕೆಯ ಹೆಸರುಗಳು ಒಂದೆಳೆಯೂ ಕಡಿಯದೆ ಬರುತ್ತಿವೆ.

ತೊಂದರೆ ಇರುವುದೇ ಆ ಎಳೆಯಲ್ಲಿ. ಎಡ್ ಬೆಂಗ್ವಿಯಟ್ 1994ರಲ್ಲಿ ಈ ಫಾಂಟ್ ರೂಪಿಸಿದ್ದು ಚೂಪು ಉಕ್ಕಿನ ನಿಬ್ಬಿನ ಬರಹವನ್ನು ಅನುಸರಿಸಿ. ಒತ್ತಿದಲ್ಲಿ ದಪ್ಪ, ಸಡಿಲಿಸಿದಲ್ಲಿ ಎಳೆ. 24 ಪಾಯಿಂಟಿನಲ್ಲಿ ಆ ಎಳೆ 0.1 ಮಿ.ಮೀ. ಆಸುಪಾಸು. ಬ್ಲಾಕ್ ಕೊರೆಯುವ ಆಸಿಡ್ ಅದನ್ನು ಪಕ್ಕದಿಂದ ತಿಂದುಬಿಡುತ್ತದೆ. ಬೋಲ್ಡ್ ಹಾಕಿದರೆ ಎಳೆ ಉಳಿಯುತ್ತದೆ, ಸೊಬಗು ಹೋಗುತ್ತದೆ.

ಕೋರೆಲ್ ಎಂಬ ವಿನ್ಯಾಸದ ಸಾಫ್ಟ್‌ವೇರಿನಲ್ಲಿ ಟ್ರ್ಯಾಕಿಂಗ್ (ಅಕ್ಷರಗಳ ನಡುವೆ ಸೇರಿಸುವ ಅಂತರ) ಸೊನ್ನೆ ಇರಲಿ, ಅಕ್ಷರ ಎಳೆದು ಸಾಲು ತುಂಬಿಸಿದರೆ ಕೊಂಡಿಗಳು ಕಳಚುತ್ತವೆ. ಅಕ್ಷರಗಳನ್ನು ಕರ್ವ್ (ಬರೀ ಗೆರೆಯ ಆಕಾರ) ಮಾಡಿದ ಮೇಲೆ 0.1 ಮಿ.ಮೀ. ಔಟ್‌ಲೈನ್ ಕೊಡಿ, ಮೂಲೆ ರೌಂಡ್ ಇರಲಿ, ಇಲ್ಲದಿದ್ದರೆ ತುದಿಗಳಲ್ಲಿ ಮುಳ್ಳು ಏಳುತ್ತದೆ. ಎರಡೂ ಬದಿ ಸೇರಿ ಎಳೆ 0.2 ಆಯಿತು, ಅಂದರೆ ದುಪ್ಪಟ್ಟು. 0.8ರ ದಪ್ಪ ಗೀಟು ಬರೀ 0.9. ಕಣ್ಣಿಗೆ ವ್ಯತ್ಯಾಸವೇ ಸಿಗುವುದಿಲ್ಲ. ಔಟ್‌ಲೈನನ್ನು ಆಬ್ಜೆಕ್ಟ್ ಮಾಡಿ, ಎಲ್ಲವನ್ನೂ ವೆಲ್ಡ್ ಮಾಡಿ, ಅಂದರೆ ಒಂದೇ ಆಕಾರವಾಗಿ ಬೆಸೆಯಿರಿ. ಕಂಬೈನ್ ಒತ್ತಿದರೆ ಅಕ್ಷರ ಅಕ್ಷರ ಕೂಡುವ ಜಾಗದಲ್ಲಿ ಬಿಳಿ ತೂತು ಬೀಳುತ್ತದೆ. ಹೀಗೆ ತೂತು ಬಿದ್ದ ಪಾಸಿಟಿವ್‌ಗಳು (ಬ್ಲಾಕ್ ಮಾಡಲು ಕೊಡುವ ಫಿಲ್ಮುಗಳು) ಪೇಟೆಯಲ್ಲಿ ಈಗಲೂ ಓಡಾಡುತ್ತಿವೆ. ಕೊನೆಗೆ ಇ, ಎಲ್ ಅಕ್ಷರಗಳ ಒಳಕಣ್ಣನ್ನು ನೋಡ್ (ಗೆರೆಯ ಮೇಲಿನ ಬಿಂದು) ಹಿಡಿದು ಒಂದಿಷ್ಟು ಅಗಲಿಸಬೇಕು. ಎಷ್ಟು ಎಂಬುದು ಅವರವರ ಕೈಚಳಕ, ಬರೆದು ಹೇಳುವುದಲ್ಲ.

ಮಷಿನ್ ಬಿಸಿ 110 ಡಿಗ್ರಿಯ ಹತ್ತಿರ. 130 ದಾಟಿದರೆ ಕಣ್ಣುಗಳು ಚಿನ್ನದಿಂದ ಮುಚ್ಚಿಹೋಗುತ್ತವೆ, ತೀರಾ ಇಳಿಸಿದರೆ ಎಳೆ ಕಡಿಯುತ್ತದೆ. ಕಾರ್ಡು ನುಣುಪಾಗಿರಲಿ. ಕೈಕಾಗದದ ಗುಳಿಗಳಲ್ಲಿ ಫಾಯಿಲ್ ಕೂರುವುದಿಲ್ಲ. ಫಾಯಿಲ್ ರೋಲ್ ಯಾವುದು ಎಂದು ಮಾತ್ರ ಕೇಳಬೇಡಿ.

ದುಡ್ಡಿನ ಲೆಕ್ಕ: ಝಿಂಕ್ ಬ್ಲಾಕ್ ಅಗ್ಗ, ಹಿತ್ತಾಳೆಗೆ ಅದರ ಹಲವು ಪಟ್ಟು. ಮೊದಲೆಲ್ಲ 500 ಕಾರ್ಡಿಗೆ ಅರವತ್ತು ಎಪ್ಪತ್ತು ರದ್ದಿಗೆ ಹೋಗುತ್ತಿದ್ದವು, ಈಗ ಹತ್ತರೊಳಗೆ.

ಈ ಫಾಂಟ್ ಹೆಸರುಗಳನ್ನು ಹಾಕುವುದಕ್ಕೆ ಮಾತ್ರ. ಛತ್ರದ ವಿಳಾಸ, ಮುಹೂರ್ತಕ್ಕೆ ಸಾದಾ ಫಾಂಟ್ ಸಾಕು. ಪೂರ್ತಿ ಕ್ಯಾಪಿಟಲ್ಲಿನಲ್ಲಿ ಓದಲಾಗದು. ನಮ್ಮವರ ಹೆಸರಿನ ಮುಂದಿನ ಎಚ್.ಎಸ್., ಕೆ.ಆರ್. ಇನಿಷಿಯಲ್‌ಗಳ ಸುರುಳಿಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ. ಇನಿಷಿಯಲ್ ಹೆಸರಿನ ಹಿಂದೆ ಹೋದರೆ ಚೆಂದ, ಮನೆಯ ಹಿರಿಯರು ಒಪ್ಪಿದರೆ.

ಸಾಲದ್ದಕ್ಕೆ ಕನ್ನಡ ಅಕ್ಷರವನ್ನೂ 15 ಡಿಗ್ರಿ ಬಲಕ್ಕೆ ವಾಲಿಸಿ ಜೋಡಿ ಮಾಡಿ ನೋಡಿದ್ದಾಯಿತು. ದುಂಡಕ್ಷರ ಅಪ್ಪಚ್ಚಿಯಾದಂತೆ ಕಾಣುತ್ತದೆ. ಒತ್ತಕ್ಷರ ಎಡಕ್ಕೆ ಸರಿದು ಹಿಂದಿನ ಅಕ್ಷರದ ಕೆಳಗೆ ಹೋಗಿ ನಿಲ್ಲುತ್ತದೆ, 'ಲಕ್ಷ್ಮಿ' ಎಂಬ ಒಂದು ಹೆಸರು ಹಾಕಿದರೆ ಗೊತ್ತಾಗುತ್ತದೆ. ಕನ್ನಡವನ್ನು ನೆಟ್ಟಗೇ ಬಿಟ್ಟು ಇಂಗ್ಲಿಷಿನ ಅರ್ಧಕ್ಕಿಂತ ತುಸು ಹೆಚ್ಚು, 14 ಪಾಯಿಂಟಿಗೆ ಇಟ್ಟರೆ ಎರಡೂ ಒಂದೇ ಎತ್ತರಕ್ಕೆ ಕಾಣುತ್ತವೆ.