ಲಂಡನ್‌ನಲ್ಲಿ ಅಂಗಡಿ ಹಿಡಿಯುವ ಮುಂಚೆ ಬಿಸಿನೆಸ್ ರೇಟ್ಸ್ ನೋಡಿಕೊಳ್ಳಿ

ಹ್ಯಾರೋ, ಹೌನ್ಸ್ಲೋ, ಈಸ್ಟ್ ಹ್ಯಾಮ್ ಕಡೆ ಪುಟ್ಟದೊಂದು ತಿಂಡಿ ಹೋಟೆಲ್ಲೋ ಸೀರೆ ಅಂಗಡಿಯೋ ತೆರೆಯಬೇಕು ಅಂತ ವಿಚಾರಿಸುವ ನಮ್ಮವರು ಈಚೆಗೆ ಜಾಸ್ತಿ. ಎಲ್ಲರೂ ಮೊದಲು ಕೇಳುವುದು ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತ. ಬಿಸಿನೆಸ್ ರೇಟ್ಸ್, ಅಂದರೆ ಅಂಗಡಿ, ಆಫೀಸಿನಂಥ ಜಾಗಗಳ ಮೇಲೆ ಬೀಳುವ ತೆರಿಗೆ, ಎಷ್ಟು ಅಂತ ಕೇಳುವವರು ಕಡಿಮೆ. ದಯವಿಟ್ಟು ಅದನ್ನೇ ಮೊದಲು ಕೇಳಿ.

ನಮಗೆ ಇದು ಹೊಳೆಯದೇ ಇರುವುದಕ್ಕೆ ಕಾರಣ ಇದೆ. ಬೆಂಗಳೂರಲ್ಲಿ ಮಳಿಗೆಯ ಆಸ್ತಿ ತೆರಿಗೆ ಕಟ್ಟುವುದು ಮಾಲೀಕರು. ಬಾಡಿಗೆಗೆ ಇರುವವರು ಟ್ರೇಡ್ ಲೈಸೆನ್ಸ್, ಕರೆಂಟ್ ಬಿಲ್ ನೋಡಿಕೊಂಡರೆ ಆಯಿತು. ಇಲ್ಲಿ ಹಾಗಲ್ಲ. ಮಳಿಗೆ ಯಾರ ಕೈಯಲ್ಲಿದೆಯೋ ಅವರೇ ಕೌನ್ಸಿಲ್‌ಗೆ, ಅಂದರೆ ಸ್ಥಳೀಯ ಆಡಳಿತಕ್ಕೆ, ಕಟ್ಟಬೇಕು. ಲಾಭ ಬಂತೋ ಇಲ್ಲವೋ ಅಂತ ಕೌನ್ಸಿಲ್ ಕೇಳುವುದಿಲ್ಲ. ವ್ಯಾಟ್, ಕಾರ್ಪೊರೇಷನ್ ಟ್ಯಾಕ್ಸ್ ಬೇರೆ ವಿಷಯ, ಅವು ಇಡೀ ದೇಶಕ್ಕೆ ಸೇರಿದ್ದು, ಅಕೌಂಟೆಂಟ್ ನೋಡಿಕೊಳ್ಳುತ್ತಾರೆ. ವರ್ಷದ ವ್ಯಾಪಾರ 90,000 ಪೌಂಡ್ ದಾಟುವವರೆಗೆ ವ್ಯಾಟ್ ನೋಂದಣಿ ಕಡ್ಡಾಯವೂ ಅಲ್ಲ.

ರೇಟ್ಸ್ ಲೆಕ್ಕ ಶುರುವಾಗುವುದು ರೇಟಬಲ್ ವ್ಯಾಲ್ಯೂ ಎಂಬ ಅಂಕಿಯಿಂದ. ಆ ಜಾಗಕ್ಕೆ ಮಾರುಕಟ್ಟೆಯಲ್ಲಿ ವರ್ಷಕ್ಕೆ ಎಷ್ಟು ಬಾಡಿಗೆ ಬರಬಹುದು ಎಂದು ಸರ್ಕಾರದ ವ್ಯಾಲ್ಯುಯೇಷನ್ ಆಫೀಸ್ ಕಟ್ಟಿದ ಬೆಲೆ ಅದು. ನೀವು ನಿಜವಾಗಿ ಕೊಡುವ ಬಾಡಿಗೆ ಅಲ್ಲ. 2026ರ ಏಪ್ರಿಲ್ 1ರಿಂದ ಹೊಸ ಬೆಲೆಗಳು ಜಾರಿಗೆ ಬಂದಿವೆ. ಅವಕ್ಕೆ ಆಧಾರ 2024ರ ಏಪ್ರಿಲ್ 1ರ ಬಾಡಿಗೆಗಳು. ಸರ್ಕಾರದ ಜಾಲತಾಣದಲ್ಲಿ ಮಳಿಗೆಯ ಪೋಸ್ಟ್‌ಕೋಡ್ ಹಾಕಿದರೆ ಈ ಅಂಕಿ ಸಿಗುತ್ತದೆ. ಯಾರು ಬೇಕಾದರೂ ನೋಡಬಹುದು, ದುಡ್ಡಿಲ್ಲ. ಏಜೆಂಟ್ ಬಾಯಲ್ಲಿ ಹೇಳಿದ್ದನ್ನು ನಂಬಿ ಕೂರಬೇಡಿ, ನೀವೇ ನೋಡಿ.

ಸಾಮಾನ್ಯ ಅಂಗಡಿಗಳ ಬೆಲೆ ಕಟ್ಟುವ ರೀತಿ ತಿಳಿದಿದ್ದರೆ ಜಾಗ ಆರಿಸುವುದು ಸುಲಭ. ರಸ್ತೆಗೆ ಮುಖ ಮಾಡಿದ ಮೊದಲ 6.1 ಮೀಟರ್ ಆಳಕ್ಕೆ, ಅಂದರೆ 20 ಅಡಿಗೆ, ಪೂರ್ತಿ ದರ. ಅದರ ಹಿಂದಿನ 20 ಅಡಿಗೆ ಅರ್ಧ ದರ. ಅದಕ್ಕೂ ಹಿಂದಿನ 20 ಅಡಿಗೆ ಕಾಲು, ಉಳಿದದ್ದಕ್ಕೆ ಇನ್ನೂ ಕಡಿಮೆ. ಹಾಗಾಗಿ ಒಂದೇ ಅಳತೆಯ ಎರಡು ಅಂಗಡಿಗಳಲ್ಲಿ ಅಗಲ ಕಡಿಮೆ, ಆಳ ಜಾಸ್ತಿ ಇರುವುದಕ್ಕೆ ರೇಟ್ಸ್ ಕಡಿಮೆ ಬೀಳುತ್ತದೆ. ದಿನಸಿ ಅಂಗಡಿ ಇಡುವವರಿಗೆ ಇದು ಒಳ್ಳೆಯದೇ, ಮೂಟೆಗಳು ಹಿಂದೆ ಇರುತ್ತವೆ ಅಲ್ವಾ. ಲೀಸ್ ಕೈಗೆ ಬಂದ ಮೇಲೆ ವ್ಯಾಲ್ಯುಯೇಷನ್ ಆಫೀಸಿನ ಕಡತದಲ್ಲಿರುವ ಅಳತೆಯನ್ನು ಟೇಪ್ ಹಿಡಿದು ಸರಿ ನೋಡಿ. ಎಂದೋ ಒಡೆದು ಹಾಕಿದ ಗೋಡೆ, ಇಲ್ಲದ ಗೋಡೌನ್ ಅಲ್ಲಿ ಇನ್ನೂ ಇರಬಹುದು. ತಪ್ಪಿದ್ದರೆ 'ಚೆಕ್' ಎಂಬ ಮೊದಲ ಹಂತದಲ್ಲೇ ತಿಳಿಸಬಹುದು, ಅದಕ್ಕೆ ಫೀಸ್ ಇಲ್ಲ.

ಈಗ ರಿಯಾಯಿತಿಗೆ ಬರೋಣ. ಸಣ್ಣವರಿಗೆ ಅತಿ ದೊಡ್ಡ ಅನುಕೂಲ ಸ್ಮಾಲ್ ಬಿಸಿನೆಸ್ ರೇಟ್ ರಿಲೀಫ್. ರೇಟಬಲ್ ವ್ಯಾಲ್ಯೂ 12,000 ಪೌಂಡ್ ಒಳಗಿದ್ದು, ನಿಮ್ಮ ಕೈಯಲ್ಲಿ ಅದೊಂದೇ ಮಳಿಗೆ ಇದ್ದರೆ, ಕಟ್ಟಬೇಕಾದ ರೇಟ್ಸ್ ಸೊನ್ನೆ. 12,001ರಿಂದ 15,000ದವರೆಗೆ ರಿಯಾಯಿತಿ ಹಂತ ಹಂತವಾಗಿ ಇಳಿಯುತ್ತದೆ. 13,500 ಇದ್ದರೆ ಅರ್ಧ ಮಾಫಿ. 15,000 ಮುಟ್ಟಿದರೆ ಏನೂ ಇಲ್ಲ.

ದರ ಇಲ್ಲಿ ರೇಟಬಲ್ ವ್ಯಾಲ್ಯೂವಿನ ಒಂದು ಪೌಂಡಿಗೆ ಇಷ್ಟು ಪೆನ್ಸ್ ಅಂತ ಇರುತ್ತದೆ. ರೇಟಬಲ್ ವ್ಯಾಲ್ಯೂ 51,000ಕ್ಕಿಂತ ಕಡಿಮೆ ಇರುವ ಅಂಗಡಿ, ಹೋಟೆಲ್‌ಗಳಿಗೆ 2026-27ರಲ್ಲಿ 38.2 ಪೆನ್ಸ್. ಅಷ್ಟೇ ಬೆಲೆಯ ಆಫೀಸಿಗೆ 43.2 ಪೆನ್ಸ್. ಲಂಡನ್ ನಡುವಿನ ಹಳೆಯ ಹಣಕಾಸು ಪ್ರದೇಶವಾದ ಸಿಟಿ ಆಫ್ ಲಂಡನ್ ಒಳಗೆ ದರ ತುಸು ಬೇರೆ. ಈಗ ಒಂದೇ ರಸ್ತೆಯ ಎರಡು ಮಳಿಗೆ ನೋಡಿ. ಒಂದರ ವ್ಯಾಲ್ಯೂ 11,900, ಇನ್ನೊಂದರದ್ದು 18,000. ಎರಡನೆಯದರ ಬಾಡಿಗೆ ತಿಂಗಳಿಗೆ 200 ಪೌಂಡ್ ಕಡಿಮೆ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 2,400 ಉಳಿಯಿತು ಅನಿಸುತ್ತದೆ. ಆದರೆ ತಿಂಡಿ ಹೋಟೆಲ್ಲಿಗೆ 38.2 ಪೆನ್ಸ್ ಲೆಕ್ಕದಲ್ಲೇ ಅದರ ರೇಟ್ಸ್ ವರ್ಷಕ್ಕೆ 6,876 ಪೌಂಡ್. ಮೊದಲನೆಯದಕ್ಕೆ ಸೊನ್ನೆ.

ಈ ಸೊನ್ನೆ ತಾನಾಗಿ ಬರುವುದಿಲ್ಲ, ಇದು ಚೆನ್ನಾಗಿ ನೆನಪಿರಲಿ. ಕೌನ್ಸಿಲ್‌ನ ಅರ್ಜಿ ತುಂಬಬೇಕು, ಒಂದೆರಡು ಪುಟ, ಹತ್ತು ನಿಮಿಷದ ಕೆಲಸ. ಇದಕ್ಕೆ ಯಾವ ಏಜೆಂಟೂ ಬೇಡ. ಅಂಗಡಿ ತೆರೆದ ಕೂಡಲೇ ಫೋನ್ ಮಾಡಿ, "ನಿಮ್ಮ ರೇಟ್ಸ್ ಕಡಿಮೆ ಮಾಡಿಸಿಕೊಡ್ತೀವಿ, ಮೊದಲು ಇಷ್ಟು ಕಟ್ಟಿ" ಅನ್ನುವವರು ಇದ್ದಾರೆ. ಫೋನ್ ಇಟ್ಟುಬಿಡಿ. ನಿಮ್ಮ ಹಕ್ಕಿನ ರಿಯಾಯಿತಿಗೆ ಯಾರಿಗೂ ಪಾಲು ಕೊಡಬೇಕಿಲ್ಲ.

ಹೋಟೆಲ್ ಇಡುವವರಿಗೆ ಇನ್ನೊಂದು ಮಾತು. ಈ ರಿಯಾಯಿತಿ ಸಿಗುವುದು ಜಾಗದಲ್ಲಿ ವ್ಯಾಪಾರ ನಡೆಯುತ್ತಿದ್ದರೆ ಮಾತ್ರ. ಖಾಲಿ ಮಳಿಗೆಗೆ ಮೊದಲ ಮೂರು ತಿಂಗಳು ರೇಟ್ಸ್ ಇಲ್ಲ, ಆಮೇಲೆ ಪೂರ್ತಿ. ಆ ಮೂರು ತಿಂಗಳು ಮಳಿಗೆಗೆ ಸೇರಿದ್ದು, ನಿಮಗಲ್ಲ. ಮಾಲೀಕರ ಕೈಯಲ್ಲಿ ಖಾಲಿ ಇದ್ದಾಗಲೇ ಅದು ಮುಗಿದಿದ್ದರೆ ನಿಮಗೆ ಮತ್ತೆ ಸಿಗುವುದಿಲ್ಲ. ಪರಿಚಯದ ದಂಪತಿಯೊಬ್ಬರು ಆರು ತಿಂಗಳು ಮುಚ್ಚಿದ್ದ ಮಳಿಗೆ ಹಿಡಿದರು. ಅಡುಗೆಮನೆಯ ಹೊಗೆ ಕೊಳವೆಗೆ ಪ್ಲಾನಿಂಗ್ ಅನುಮತಿ ಬರುವುದು ತಡವಾಯಿತು. ಒಂದು ದೋಸೆ ಹೊಯ್ಯುವ ಮೊದಲೇ ತಿಂಗಳು ತಿಂಗಳೂ ರೇಟ್ಸ್ ಕಟ್ಟಿದರು. 18,000 ವ್ಯಾಲ್ಯೂ ಇರುವ ಮಳಿಗೆ ಹೀಗೆ ಖಾಲಿ ಬಿದ್ದರೆ ಅಂಗಡಿಯ ದರವಲ್ಲ, 43.2 ಪೆನ್ಸ್ ದರದಲ್ಲಿ ತಿಂಗಳಿಗೆ ಸುಮಾರು 650 ಪೌಂಡ್ ಹೋಗುತ್ತದೆ. ಅದಕ್ಕೇ ಲೀಸ್ ಮಾತುಕತೆಯಲ್ಲೇ, ಅನುಮತಿ ಬಂದ ಮೇಲೆ ಲೀಸ್ ಶುರುವಾಗಲಿ ಅಂತ ಕೇಳಿ. ಕೇಳುವುದರಲ್ಲಿ ತಪ್ಪೇನಿಲ್ಲ.

ಮನೆಯಿಂದಲೇ ಕೆಲಸ ಮಾಡುವವರು ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದು ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕನ್ಸಲ್ಟಿಂಗ್ ಮಾಡಿದರೆ ಸಾಮಾನ್ಯವಾಗಿ ರೇಟ್ಸ್ ಬರುವುದಿಲ್ಲ. ಗಿರಾಕಿಗಳು ಮನೆಗೇ ಬಂದು ಕೊಳ್ಳುತ್ತಿದ್ದರೆ, ಕೆಲಸದವರನ್ನು ಇಟ್ಟುಕೊಂಡರೆ, ಗ್ಯಾರೇಜನ್ನು ಪಾರ್ಲರ್ ಮಾಡಿದರೆ ಬರಬಹುದು. ಮನೆಯಲ್ಲಿ ಚಕ್ಕುಲಿ, ಹೋಳಿಗೆ ಮಾಡಿ ಮಾರುವವರು ರೇಟ್ಸ್ ಇಲ್ಲದಿದ್ದರೂ ಶುರು ಮಾಡುವ 28 ದಿನ ಮೊದಲು ಕೌನ್ಸಿಲ್‌ನಲ್ಲಿ ಆಹಾರ ವ್ಯಾಪಾರ ಎಂದು ನೋಂದಾಯಿಸಬೇಕು. ಅದಕ್ಕೂ ದುಡ್ಡಿಲ್ಲ. ವೀಸಾ ಷರತ್ತು ಮೊದಲೇ ಓದಿಕೊಳ್ಳಿ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ವ್ಯಾಪಾರ ಮಾಡುವಂತಿಲ್ಲ. ಸ್ಕಿಲ್ಡ್ ವರ್ಕರ್ ವೀಸಾದವರ ಗಂಡ ಅಥವಾ ಹೆಂಡತಿ ಡಿಪೆಂಡೆಂಟ್ ಆಗಿದ್ದರೆ ಮಾಡಬಹುದು.

ಎರಡನೇ ಅಂಗಡಿ ತೆರೆಯುವಷ್ಟು ಬೆಳೆದರೆ ಸಂತೋಷ. ಮೊದಲನೆಯದರ ರಿಯಾಯಿತಿ ಕೂಡಲೇ ಹೋಗುವುದಿಲ್ಲ. ಹಿಂದೆ ಒಂದು ವರ್ಷ ಉಳಿಯುತ್ತಿತ್ತು, 2025ರ ನವೆಂಬರ್ ಬಜೆಟ್‌ನಲ್ಲಿ ಅದನ್ನು ಮೂರು ವರ್ಷಕ್ಕೆ ಏರಿಸಿದರು.

ಉಚಿತ ಸಲಹೆ ಬೇಕಿದ್ದರೆ ಸೇಂಟ್ ಪ್ಯಾಂಕ್ರಸ್ ಹತ್ತಿರದ ಬ್ರಿಟಿಷ್ ಲೈಬ್ರರಿಯಲ್ಲಿ ಬಿಸಿನೆಸ್ ಆ್ಯಂಡ್ ಐಪಿ ಸೆಂಟರ್ ಇದೆ. ಮೇಯರ್ ಕಚೇರಿ ಬೆಂಬಲದ 'ಗ್ರೋ ಲಂಡನ್ ಲೋಕಲ್' ಕೂಡ ಸಣ್ಣ ವ್ಯಾಪಾರಿಗಳಿಗೆ ದಾರಿ ತೋರಿಸುತ್ತದೆ. ಹೈ ಸ್ಟ್ರೀಟ್‌ನಲ್ಲಿ, ಅಂದರೆ ಊರಿನ ಮುಖ್ಯ ಅಂಗಡಿ ಬೀದಿಯಲ್ಲಿ, ಜಾಗ ನೋಡುವವರು ಅದು ಬಿಸಿನೆಸ್ ಇಂಪ್ರೂವ್‌ಮೆಂಟ್ ಡಿಸ್ಟ್ರಿಕ್ಟ್ (ವ್ಯಾಪಾರಿಗಳೇ ಹಣ ಕೂಡಿಸಿ ಸುಧಾರಿಸುವ ಪ್ರದೇಶ) ಒಳಗಿದೆಯೇ ಅಂತಲೂ ಕೇಳಿ. ಇದ್ದರೆ ಅದರ ಲೆವಿ ಬೇರೆ ಬಿಲ್ಲಾಗಿ ಬರುತ್ತದೆ.

ಬಿಲ್ಲನ್ನು ಸಾಮಾನ್ಯವಾಗಿ ಏಪ್ರಿಲ್‌ನಿಂದ ಹತ್ತು ಕಂತು ಮಾಡಿರುತ್ತಾರೆ. ಹನ್ನೆರಡು ಮಾಡಿ ಅಂತ ಕೇಳಿದರೆ ತಿಂಗಳ ಹೊರೆ ಇಳಿಯುತ್ತದೆ. ಯಾವುದೋ ತಿಂಗಳು ಕಟ್ಟಲಾಗದಿದ್ದರೆ ಸುಮ್ನೆ ಇರಬೇಡಿ. ಜ್ಞಾಪನಾ ಪತ್ರದ ನಂತರ ಬರುವುದು ಮ್ಯಾಜಿಸ್ಟ್ರೇಟ್ ಕೋರ್ಟಿನ ಸಮನ್ಸ್, ಅದರ ಖರ್ಚೂ ನಿಮ್ಮ ಮೇಲೆಯೇ ಬೀಳುತ್ತದೆ. ಕಂತು ತಪ್ಪುವ ಮೊದಲೇ ಫೋನ್ ಮಾಡಿದರೆ ಕಂತು ಬದಲಿಸಿಕೊಳ್ಳುವ ಮಾತು ಆಡಬಹುದು. ಬಿಲ್ಲಿನ ಮೇಲಿರುವ ಅಕೌಂಟ್ ನಂಬರ್ ಕೈಯಲ್ಲಿ ಇಟ್ಟುಕೊಂಡೇ ಫೋನ್ ಮಾಡಿ, ಅವರು ಮೊದಲು ಕೇಳುವುದು ಅದನ್ನೇ.