ಪಾಥನ್ನು ಸ್ಟ್ರಿಂಗ್ ಅಂತ ನೋಡೋದನ್ನು ಬಿಟ್ಟ ಮೇಲೆ

ನನ್ನ ಹತ್ತಿರ ಸುಮಾರು ಎರಡು ಸಾವಿರ ಕನ್ನಡ ಲೇಖನಗಳ ಟೆಕ್ಸ್ಟ್ ಫೈಲ್‌ಗಳಿವೆ. ವರ್ಷಕ್ಕೊಂದು ಫೋಲ್ಡರ್, ಲೇಖನಕ್ಕೊಂದು ಫೈಲ್. ಹೊಸದಾಗಿ ಬಂದವನ್ನು ಅವುಗಳ ಜಾಗಕ್ಕೆ ಸೇರಿಸಿ, ದಿನಾ ರಾತ್ರಿ ಒಂದು ಪಟ್ಟಿ ಮಾಡಲಿ ಅಂತ ಪೈಥಾನ್ ಭಾಷೆಯಲ್ಲಿ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಬರೆದೆ. ಲೇಖನ ಓದುವ ಭಾಗ ಅರ್ಧ ದಿನದಲ್ಲಿ ಮುಗಿಯಿತು. ಫೈಲ್ ಎಲ್ಲಿದೆ ಅಂತ ಹೇಳುವ ಭಾಗ ಸರಿಹೋಗಲು ತಿಂಗಳುಗಳೇ ಹಿಡಿದವು.

ಪಾಥ್ ಅಂದರೆ ಫೈಲ್ ಎಲ್ಲಿದೆ ಅಂತ ಹೇಳುವ ವಿಳಾಸ. ಮೊದಲು ನಾನು ಅದನ್ನು ಸ್ಟ್ರಿಂಗ್, ಅಂದರೆ ಬರೀ ಅಕ್ಷರಗಳ ಸಾಲು, ಅಂದುಕೊಂಡೇ ಬರೆದೆ. ಫೋಲ್ಡರ್ ಹೆಸರು, ಪ್ಲಸ್, ಫೈಲ್ ಹೆಸರು, ಅಷ್ಟೇ. ನಡುವೆ ಸ್ಲ್ಯಾಷ್ (/) ಮರೆತರೆ ಪೈಥಾನ್ ಏನೂ ಹೇಳುವುದಿಲ್ಲ. 'ಲೇಖನ' ಫೋಲ್ಡರ್ ಒಳಗೆ ಇರಬೇಕಾದ 'ಪಟ್ಟಿ' ಫೈಲ್ 'ಲೇಖನಪಟ್ಟಿ' ಅನ್ನೋ ಹೆಸರಲ್ಲಿ ಫೋಲ್ಡರ್ ಹೊರಗೆ ಹುಟ್ಟಿಕೊಂಡಿತ್ತು. ಎರರ್ ಬಂದಿದ್ದರೆ ಆವತ್ತೇ ಗೊತ್ತಾಗುತ್ತಿತ್ತು. ಬರಲಿಲ್ಲ, ಹಾಗಾಗಿ ಒಂದು ವಾರ ಹಳೆಯ ಪಟ್ಟಿಯನ್ನೇ ನೋಡುತ್ತಿದ್ದೆ.

ವಿಂಡೋಸ್‌ನಲ್ಲಿ ಓಡಿಸಿದಾಗ ಇನ್ನೊಂದು. ಅಲ್ಲಿ ಪಾಥ್‌ನಲ್ಲಿ ಬರುವುದು ಬ್ಯಾಕ್‌ಸ್ಲ್ಯಾಷ್ (\). ಆದರೆ ಪೈಥಾನ್ ಸ್ಟ್ರಿಂಗ್ ಒಳಗೆ ಬ್ಯಾಕ್‌ಸ್ಲ್ಯಾಷ್ ಆದ ಕೂಡಲೇ ಇಂಗ್ಲಿಷಿನ ಚಿಕ್ಕ ಎನ್ ಬಂದರೆ ಅದು ಹೊಸ ಸಾಲು, ಚಿಕ್ಕ ಟಿ ಬಂದರೆ ಟ್ಯಾಬ್. ನನ್ನ ಫೋಲ್ಡರ್ ಹೆಸರು ಎನ್‌ನಿಂದಲೇ ಶುರುವಾಗುತ್ತಿತ್ತು. ಪಾಥನ್ನು ಪ್ರಿಂಟ್ ಮಾಡಿದೆ, ನಡುವೆ ಮುರಿದು ಎರಡು ಸಾಲಾಗಿ ಬಂತು. ಪೈಥಾನ್‌ನಿಂದ ಫೈಲ್ ತೆರೆಯುವಾಗ ವಿಂಡೋಸ್ ಕೂಡ ಮುಂದಕ್ಕೆ ವಾಲಿದ ಸ್ಲ್ಯಾಷ್ ಒಪ್ಪುತ್ತದೆ. ಅಂದಿನಿಂದ ಎಲ್ಲ ಕಡೆ ಅದನ್ನೇ ಬರೆಯುತ್ತೇನೆ.

ಇಷ್ಟಾದ ಮೇಲೆ, ಪಾಥ್‌ಗಳಿಗೆಂದೇ ಪೈಥಾನ್‌ನಲ್ಲಿರುವ ಪಾಥ್‌ಲಿಬ್ ಮಾಡ್ಯೂಲ್‌ಗೆ ಬದಲಾದೆ. ಅದು 2014ರಲ್ಲಿ ಪೈಥಾನ್ 3.4ರ ಜೊತೆ ಬಂದದ್ದು. 3.6ರಿಂದ ಫೈಲ್ ತೆರೆಯುವ ಮಾಮೂಲಿ ಫಂಕ್ಷನ್‌ಗಳೂ ಅದರ ಪಾಥನ್ನು ನೇರವಾಗಿ ತೆಗೆದುಕೊಳ್ಳುತ್ತವೆ. ಎರಡು ತುಂಡುಗಳ ನಡುವೆ / ಹಾಕಿದರೆ ಸಾಕು, ಜೋಡಿಸುವುದು ಅದರ ಕೆಲಸ. ಮೇಲಿನ ಫೋಲ್ಡರ್ ಬೇಕಾ, ಬರೀ ಹೆಸರು ಬೇಕಾ, ಹೆಸರಿನ ಕೊನೆಯ .txt ಥರದ ಎಕ್ಸ್‌ಟೆನ್ಷನ್ ಬೇಕಾ, ಕೇಳಿದರೆ ಕೊಡುತ್ತದೆ. ಇಷ್ಟು ದಿನ ಸುಮ್ನೆ ಸ್ಟ್ರಿಂಗ್ ಕತ್ತರಿಸುತ್ತಾ ಕೂತಿದ್ದೆನಲ್ಲ ಅನ್ನಿಸಿತು.

ಆದರೆ ಅದರಲ್ಲೂ ಎಚ್ಚರ ಬೇಕು. ಬಲಗಡೆಯ ತುಂಡು ಸ್ಲ್ಯಾಷ್‌ನಿಂದ ಶುರುವಾದರೆ, ಎಡಗಡೆ ಇರುವುದನ್ನೆಲ್ಲ ಬಿಟ್ಟು ಅದನ್ನೇ ಪೂರ್ತಿ ಪಾಥ್ ಅಂದುಕೊಳ್ಳುತ್ತದೆ. ಎಕ್ಸ್‌ಟೆನ್ಷನ್ ಬದಲಾಯಿಸುವ ಮೆಥಡ್ ನನಗೆ ಕೊಟ್ಟ ಪೆಟ್ಟು ಇನ್ನೂ ಜಾಸ್ತಿ. ಎಕ್ಸ್‌ಟೆನ್ಷನ್ ಇಲ್ಲದ 'ಭಾಗ 2.1' ಮತ್ತು 'ಭಾಗ 2.2' ಅನ್ನೋ ಹೆಸರುಗಳಿಗೆ ಅದನ್ನು ಬಳಸಿದೆ. ಕೊನೆಯ ಚುಕ್ಕಿಯಿಂದ ಆಚೆಗಿರುವುದೇ ಎಕ್ಸ್‌ಟೆನ್ಷನ್ ಅಂತ ಅದರ ಲೆಕ್ಕ. ಎರಡೂ 'ಭಾಗ 2' ಆದವು, ಎರಡನೆಯದು ಮೊದಲನೆಯದರ ಮೇಲೆ ಬರೆದುಕೊಂಡಿತು. ಬ್ಯಾಕಪ್ ಇತ್ತು, ಲೇಖನ ಉಳಿಯಿತು. ಈಗ ಬರೆಯುವ ಮೊದಲು ಆ ಹೆಸರಿನ ಫೈಲ್ ಇದೆಯಾ ಅಂತ ಕೇಳದೆ ಸ್ಕ್ರಿಪ್ಟ್ ಮುಂದೆ ಹೋಗುವುದಿಲ್ಲ.

ರಾತ್ರಿ ತಾನಾಗಿ ಓಡಲಿ ಅಂತ, ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಓಡಿಸುವ ಕ್ರಾನ್‌ಗೆ ಹಾಕಿದಾಗ, ಕೈಯಲ್ಲಿ ಓಡಿಸಿದರೆ ಸಿಗುತ್ತಿದ್ದ ಫೋಲ್ಡರ್ ಸಿಗದೇ ಹೋಯಿತು. ಸ್ಲ್ಯಾಷ್‌ನಿಂದ ಶುರುವಾಗದ ಪಾಥ್, ಸ್ಕ್ರಿಪ್ಟ್ ಇರುವ ಜಾಗದಿಂದ ಲೆಕ್ಕವಾಗುವುದಿಲ್ಲ. ಯಾವ ಫೋಲ್ಡರ್‌ನಲ್ಲಿ ನಿಂತು ಓಡಿಸಿದ್ದೇವೋ ಅಲ್ಲಿಂದ ಲೆಕ್ಕ. ಕ್ರಾನ್ ನಿಲ್ಲುವುದು ಹೋಮ್ ಫೋಲ್ಡರ್‌ನಲ್ಲಿ. ಸ್ಕ್ರಿಪ್ಟ್‌ನ ಸ್ವಂತ ಪಾಥನ್ನು ಪೈಥಾನ್‌ನಿಂದಲೇ ಕೇಳಿ, ಪೂರ್ತಿ ಪಾಥ್ ಮಾಡಿಕೊಂಡು, ಉಳಿದದ್ದನ್ನು ಅಲ್ಲಿಂದ ಕಟ್ಟಿದೆ. ಒಂದೇ ಸಾಲಿನ ಕೆಲಸ.

ಲೇಖನದ ತಲೆಬರಹವನ್ನೇ ಫೈಲ್ ಹೆಸರು ಮಾಡಿದಾಗ, ಹೆಸರು ತುಂಬಾ ಉದ್ದ ಅಂತ ಲಿನಕ್ಸ್ ಹೇಳಿತು. ಒಂದು ಹೆಸರಿಗೆ ಅಲ್ಲಿ 255 ಬೈಟ್ ಮಿತಿ. ಅಕ್ಷರಗಳನ್ನು ಬೈಟ್‌ಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕು, ಅಂದರೆ ಬರೀ 85 ಸಂಕೇತ. 'ಕ್ಷ' ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅಲ್ವಾ? ಆದರೆ ಅದರಲ್ಲಿ ಕ, ಅರ್ಧಾಕ್ಷರದ ಚಿಹ್ನೆ, ಷ ಅಂತ ಮೂರು ಸಂಕೇತ, ಅದೊಂದಕ್ಕೇ 9 ಬೈಟ್ ಹೋಗುತ್ತದೆ. ಈಗ ಹೆಸರಿಗೆ ತಲೆಬರಹದ ಮೊದಲ ನಾಲ್ಕೈದು ಪದ ಮತ್ತು ಒಂದು ನಂಬರ್ ಸಾಕು ಮಾಡಿದ್ದೇನೆ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆಯದೇ. ಹಳೆಯ ಮ್ಯಾಕ್‌ನಿಂದ ಲಿನಕ್ಸ್‌ಗೆ ಫೈಲ್‌ಗಳನ್ನು ತಂದೆ. ಪಟ್ಟಿಯಲ್ಲಿ 'ಪೀಠಿಕೆ' ಇದೆ, ಫೋಲ್ಡರ್‌ನಲ್ಲೂ 'ಪೀಠಿಕೆ' ಕಾಣುತ್ತಿದೆ, ಆದರೂ ಅಂಥ ಫೈಲೇ ಇಲ್ಲ ಅಂತ ಪೈಥಾನ್ ಹೇಳುತ್ತಿತ್ತು. 'ಕವನ', 'ನಮನ' ಎಲ್ಲ ಸಿಗುತ್ತಿದ್ದವು. ಎರಡು 'ಪೀಠಿಕೆ'ಗಳ ಉದ್ದ ಪ್ರಿಂಟ್ ಮಾಡಿದೆ. ಪಟ್ಟಿಯದ್ದು 6, ಫೋಲ್ಡರ್‌ನದ್ದು 7.

ಶಾಲೆಯಲ್ಲಿ 'ಪೀ' ಬರೆಯುವಾಗ ಗುಡಿಸು, ಗುಡಿಸಿನ ದೀರ್ಘ ಅಂತ ಹೇಳಿಕೊಟ್ಟಿದ್ದು ನೆನಪಿದೆಯಾ? ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್‌ನಲ್ಲೂ ಆ ಎರಡು ದಾರಿಗಳಿವೆ. ಗುಡಿಸಿನ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಗುಡಿಸು ಒಂದು, ದೀರ್ಘ ಇನ್ನೊಂದು ಅಂತ ಬಿಡಿಸಿ ಬರೆಯಬಹುದು. ಪರದೆಯ ಮೇಲೆ ಒಂಚೂರೂ ವ್ಯತ್ಯಾಸ ಕಾಣುವುದಿಲ್ಲ. ಹಳೆಯ ಮ್ಯಾಕ್‌ನ ಫೈಲ್ ವ್ಯವಸ್ಥೆಯಾದ ಎಚ್‌ಎಫ್‌ಎಸ್ ಪ್ಲಸ್, ಫೈಲ್ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ಲಿನಕ್ಸ್ ಸಾಮಾನ್ಯವಾಗಿ ಬೈಟ್‌ಗಳನ್ನಷ್ಟೇ ನೋಡುತ್ತದೆ, ಅದಕ್ಕೆ ಇವೆರಡೂ ಬೇರೆ ಬೇರೆ ಹೆಸರು. 'ಕೇ', 'ಕೈ', 'ಕೊ', 'ಕೋ' ಇರುವ ಹೆಸರುಗಳಿಗೂ ಇದೇ ಪಾಡು. 'ಕವನ'ದಲ್ಲಿ ಬಿಡಿಸಲು ಏನೂ ಇಲ್ಲ, ಅದಕ್ಕೇ ಅದು ಸಿಗುತ್ತಿತ್ತು.

ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಇದಕ್ಕೆ ನಾರ್ಮಲೈಸ್ ಅನ್ನೋ ಫಂಕ್ಷನ್ ಇದೆ. ಪಟ್ಟಿಯ ಹೆಸರು, ಫೋಲ್ಡರ್‌ನ ಹೆಸರು ಎರಡನ್ನೂ ಎನ್‌ಎಫ್‌ಸಿ, ಅಂದರೆ ಕೂಡಿಸಿ ಬರೆದ, ರೂಪಕ್ಕೆ ತಂದು ಆಮೇಲೆ ಹೋಲಿಸಿದೆ. ಡಿಸ್ಕ್‌ನಲ್ಲಿರುವ ಹೆಸರನ್ನು ಮುಟ್ಟಲಿಲ್ಲ. ಹೋಲಿಸಲು ಮಾತ್ರ ಹೊಸ ರೂಪ, ತೆರೆಯಲು ಫೋಲ್ಡರ್ ಕೊಟ್ಟ ಪಾಥನ್ನೇ ಇದ್ದ ಹಾಗೆ ಬಳಸಿದೆ. ಕಳೆದುಹೋಗಿವೆ ಅಂದುಕೊಂಡಿದ್ದ ಲೇಖನಗಳೆಲ್ಲ ಆ ರಾತ್ರಿಯ ಪಟ್ಟಿಯಲ್ಲಿ ಬಂದವು, 'ಪೀಠಿಕೆ'ಯೂ ಸೇರಿ.