ಸ್ಪೋ0ಎ ವಂಶವಾಹಿಗಳನ್ನು ಎಚ್ಚರಿಸುವುದನ್ನು ಅಳೆದ ಬಗೆ: ನನ್ನ ಅನುಭವ

ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಬ್ಯಾಕ್ಟೀರಿಯಾ ಹಸಿವಿಗೆ ಸಿಕ್ಕಾಗ ಬೀಜಕ (ಗಟ್ಟಿ ಕವಚದ ಸುಪ್ತ ಕೋಶ) ಕಟ್ಟುವ ವಂಶವಾಹಿಗಳನ್ನು ಹೇಗೆ ಚಾಲೂ ಮಾಡುತ್ತದೆ ಎಂಬುದನ್ನು ಅಳೆಯಲು ನಾನು ಆರಿಸಿಕೊಂಡದ್ದು ಸ್ಪೋ-ಟೂ-ಜಿ ಪ್ರೊಮೋಟರನ್ನು, ಅಂದರೆ ಆ ಹೆಸರಿನ ವಂಶವಾಹಿಗಳ ನಕಲು ಶುರುವಾಗುವ ಡಿಎನ್‌ಎ ಭಾಗವನ್ನು. ಇದರ ರಚನೆಯೇ ವಿಚಿತ್ರವಾದದ್ದು: ವಂಶವಾಹಿಯನ್ನು ನಕಲಿಸುವ ಕಿಣ್ವವಾದ ಆರ್‌ಎನ್‌ಎ ಪಾಲಿಮರೇಸ್‌ನ ಸಿಗ್ಮಾ-ಎ ಎಂಬ ಘಟಕ ಗುರುತಿಸುವ ಎರಡು ತಾಣಗಳ ನಡುವೆ ಸಾಮಾನ್ಯವಾಗಿ 17 ಬೇಸ್ ಜೋಡಿಗಳ ಅಂತರವಿದ್ದರೆ ಇಲ್ಲಿ 22 ಇವೆ. ಪಾಲಿಮರೇಸ್ ತಾನಾಗಿ ಇಲ್ಲಿ ಕೆಲಸ ಆರಂಭಿಸಲಾರದು. ಫಾಸ್ಫೇಟ್ ಹೊತ್ತ ಸ್ಪೋ0ಎ ಎಂಬ ನಿಯಂತ್ರಕ ಪ್ರೋಟೀನ್ ಪಕ್ಕದಲ್ಲಿ ಬಂದು ಕೂತು ಸಿಗ್ಮಾ-ಎಗೆ ಆಸರೆ ಕೊಡಬೇಕು.

ಈ ಪ್ರೊಮೋಟರಿನ ಮುಂದೆ ಬೀಟಾ-ಗ್ಯಾಲಕ್ಟೊಸಿಡೇಸ್ ಕಿಣ್ವ ತಯಾರಿಸುವ ಲ್ಯಾಕ್‌ಝೆಡ್ ವಂಶವಾಹಿಯನ್ನು ಜೋಡಿಸಿ, ಪಿಷ್ಟ ಒಡೆಯುವ ಅಮೈಲೇಸ್ ವಂಶವಾಹಿಯ ಜಾಗದಲ್ಲಿ ಸೇರಿಸಿದೆ. ಪಿಷ್ಟದ ತಟ್ಟೆಯ ಮೇಲೆ ಅಯೋಡಿನ್ ಸುರಿದಾಗ ಸುತ್ತ ತಿಳಿ ವಲಯ ಮೂಡದ ವಸಾಹತುಗಳೇ ನನಗೆ ಬೇಕಾದವು. ನಂತರ, ಸ್ಟರ್ಲಿನಿ ಮತ್ತು ಮ್ಯಾಂಡೆಲ್‌ಸ್ಟಮ್ 1969ರಲ್ಲಿ ವಿವರಿಸಿದ ಕ್ರಮದಂತೆ, ಸಮೃದ್ಧ ಮಾಧ್ಯಮದಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆದ ಕೋಶಗಳನ್ನು ಬಡ ಮಾಧ್ಯಮಕ್ಕೆ ವರ್ಗಾಯಿಸಿ, ಅರ್ಧ ಗಂಟೆಗೊಮ್ಮೆ ಮಾದರಿ ತೆಗೆದು, ಲೈಸೊಜೈಮ್‌ನಿಂದ ಕೋಶ ಒಡೆದು, ಲ್ಯಾಕ್‌ಝೆಡ್‌ನ ಕಿಣ್ವ ಸೀಳಿದಾಗ ಹಳದಿ ಬಣ್ಣ ಕೊಡುವ ಓಎನ್‌ಪಿಜಿ ಬೆರೆಸಿದೆ. ಮೊದಲ ಮಾದರಿಗಳಲ್ಲಿ ಬಣ್ಣವಿರಲಿಲ್ಲ. ಸುಮಾರು ಒಂದು ಗಂಟೆಯ ನಂತರದ ಕೊಳವೆಗಳು ಹಳದಿಯಾಗತೊಡಗಿದವು. ಸ್ಪೋ0ಎ ಇಲ್ಲದ ತಳಿಯಲ್ಲಿ ಹಳದಿ ಬರಲೇ ಇಲ್ಲ. ಫಾಸ್ಫೇಟ್ ಒದಗಿಸುವ ಕಿಣ್ವವಾದ ಕಿನ್‌ಎ ಕೈನೇಸ್ ಇಲ್ಲದ ತಳಿಯಲ್ಲಿ ತಡವಾಗಿ, ತೆಳುವಾಗಿ ಬಂತು.

ಕಿನ್‌ಎಯಿಂದ ಫಾಸ್ಫೇಟ್ ನೇರವಾಗಿ ಸ್ಪೋ0ಎಗೆ ಹೋಗುವುದಿಲ್ಲ. ಸ್ಪೋ0ಎಫ್, ಸ್ಪೋ0ಬಿ ಎಂಬ ಮಧ್ಯವರ್ತಿಗಳ ಕೈ ದಾಟಿ ಹೋಗುತ್ತದೆ. ದಾರಿ ಉದ್ದವಾಗಿರುವುದು ವ್ಯರ್ಥವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ: ರ‍್ಯಾಪ್‌ಎ ಸ್ಪೋ0ಎಫ್‌ನಿಂದಲೂ, ಸ್ಪೋ0ಇ ಸ್ಪೋ0ಎಯಿಂದಲೂ ಫಾಸ್ಫೇಟ್ ಕಿತ್ತುಹಾಕುತ್ತವೆ, ಹಾಗಾಗಿ ಕೋಶ ತನ್ನ ನಿರ್ಧಾರವನ್ನು ಒಂದಕ್ಕಿಂತ ಹೆಚ್ಚು ಕಡೆ ತಡೆಹಿಡಿಯಬಲ್ಲದು. ಫಾಸ್ಫೇಟ್ ಹೊತ್ತ ಸ್ಪೋ0ಎಯ ಪ್ರಮಾಣ ಮೆಲ್ಲನೆ ಏರುವುದೂ ಮುಖ್ಯ. ಕಡಿಮೆ ಮಟ್ಟದಲ್ಲೇ ಎಬಿಆರ್‌ಬಿ ಎಂಬ ತಡೆಗಾರನ ವಂಶವಾಹಿ ಅಡಗುತ್ತದೆ. ಸ್ಪೋ-ಟೂ-ಜಿಯಂಥವು ಏಳಲು ಹೆಚ್ಚಿನ ಮಟ್ಟ ಬೇಕು.

ಕೊಳವೆಯ ಹಳದಿ ಲಕ್ಷಾಂತರ ಕೋಶಗಳ ಸರಾಸರಿ ಮಾತ್ರ. ಆದ್ದರಿಂದ ಅದೇ ಪ್ರೊಮೋಟರಿಗೆ ಹಸಿರು ಪ್ರತಿದೀಪಕ ಪ್ರೋಟೀನ್ ಜೋಡಿಸಿ, ಪೋಷಕಾಂಶ ತಾನಾಗಿ ಮುಗಿಯುವ ಮಾಧ್ಯಮದಲ್ಲಿ ಬೆಳೆಸಿ, ಅಗರೋಸ್ ಪದರದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಒಂದೇ ತಳಿಯ, ಒಂದೇ ಆಹಾರದ ಕೋಶಗಳಲ್ಲಿ ಕೆಲವು ಪ್ರಖರವಾಗಿ ಬೆಳಗುತ್ತಿದ್ದವು, ಅವುಗಳಿಗೆ ತಾಗಿಕೊಂಡ ಕೆಲವು ಪೂರ್ತಿ ಕಪ್ಪಾಗಿದ್ದವು. ಫಾಸ್ಫೇಟ್ ಹೊತ್ತ ಸ್ಪೋ0ಎಯ ಪ್ರಮಾಣ ಆ ಹೆಚ್ಚಿನ ಮಟ್ಟ ಮುಟ್ಟದ ಕೋಶ ಬೀಜಕದ ದಾರಿ ಹಿಡಿಯುವುದಿಲ್ಲ. ಈ ಕೆಲಸಕ್ಕೆ ತೊಡಗುವವರು ಓಎನ್‌ಪಿಜಿ ಅಳತೆಯ ಜೊತೆಗೆ ಒಂಟಿ ಕೋಶಗಳನ್ನೂ ನೋಡಲೇಬೇಕು, 80 ಡಿಗ್ರಿಯಲ್ಲಿ 20 ನಿಮಿಷ ಕಾಯಿಸಿ ಉಳಿದ ಬೀಜಕಗಳನ್ನೂ ಎಣಿಸಬೇಕು.